ಹಸಿ ಮಾಲಿನ ಹಾಕಿ ತಂಡ

ಬೀದರಿನ ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ಅಡತಿ ದಲ್ಲಾಳಿಯ ಅಂಗಡಿ ಇಟ್ಟುಕೊಂಡು ಕೂತವನು ನಗೆಯ ಪ್ರಸಂಗ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ತೊಗರಿ ಚೀಲದ ಜೊತೆಗೇ ಅವೂ ಬಂದು ಇಳಿಯುತ್ತವೆ. ಅದರ ಮೇಲೆ ಒಂದು ಹಾಕಿ ತಂಡವೂ ಕೊರಳಿಗೆ ಬಿದ್ದಿದ್ದರೆ ಕೇಳುವುದೇ ಬೇಡ, ಚೀಲ ಬಾರದ ದಿನವೂ ಪ್ರಸಂಗ ಬರುತ್ತದೆ. ನಾನು ಆಟ ಆಡಿದವನಲ್ಲ. ಕೈಯಲ್ಲಿ ಸ್ಟಿಕ್ಕು ಹಿಡಿದದ್ದು ಗೋದಾಮಿನ ಇಲಿ ಓಡಿಸಲು ಮಾತ್ರ. ಆದರೂ ತಂಡದ ಅಧ್ಯಕ್ಷ ನಾನೇ. ಅದು ಹೇಗಾಯಿತು ಎನ್ನುವುದರಿಂದಲೇ ಶುರು ಮಾಡುತ್ತೇನೆ.

ಕೀಲಿ ಇದ್ದವನೇ ಅಧ್ಯಕ್ಷ

ತಂಡದ ಸ್ಟಿಕ್ಕು, ಚೆಂಡು, ಗೋಲ್‌ಕೀಪರನ ಪ್ಯಾಡು ಇಡಲು ಊರಲ್ಲಿ ಜಾಗ ಸಿಗದೆ ನನ್ನ ಗೋದಾಮಿನ ಮೂಲೆಯಲ್ಲಿ ಇಟ್ಟಿದ್ದರು. ಹಳೆಯ ಅಧ್ಯಕ್ಷರು ವಯಸ್ಸಾಯಿತು ಅಂತ ಬಿಟ್ಟಾಗ ಸಭೆ ಕರೆದರು. ಹೆಸರು ಹೇಳಿ ಅಂದರೆ ಎಲ್ಲರೂ ಚಹಾದ ಕಪ್ಪಿನ ತಳ ನೋಡತೊಡಗಿದರು. ಕಡೆಗೆ ನಮ್ಮ ಕಾರ್ಯದರ್ಶಿ, ಬೆಲ್ಲದ ವ್ಯಾಪಾರಿ, ಬಾಯಿ ಬಿಟ್ಟ: “ಯಾರು ಅಧ್ಯಕ್ಷ ಆದ್ರೂ ಮುಂಜಾನಿ ಕೀಲಿ ಬೇಡ್ಲಾಕ ಇವರ ಮನಿಗೇ ಹೋಗಬೇಕು. ಇವರೇ ಆಗ್ಲಿ ಬಿಡ್ರಿ, ಒಂದು ತಿರುಗಾಟ ಉಳೀತದ.”

ಹಾಗೆ ಅಧ್ಯಕ್ಷನಾದೆ. ಮೊದಲ ಟೂರ್ನಮೆಂಟು ಹತ್ತಿರ ಬಂದಾಗ ನಮ್ಮ ಹಮಾಲರು ತೊಗರಿ ಚೀಲಗಳ ಜೊತೆಗೆ ಸ್ಟಿಕ್ಕಿನ ಗಂಟನ್ನೂ ಲಾತೂರಿನ ಲಾರಿಗೆ ಹಾಕಿಬಿಟ್ಟರು. ಮರುದಿನ ಅಲ್ಲಿನ ಬೇಳೆ ಮಿಲ್ಲಿನವನ ಫೋನು ಬಂತು.

“ಸೇಠ್, ತೊಗರಿ ಮುಟ್ಟಿತು, ಮಾಲು ಚೊಲೋ ಅದ. ಜೊತಿಗಿ ಬಂದ ಕಟಗಿ ಏನ್ಮಾಡ್ಲಿ? ಇದನ್ನೂ ಒಡದು ಬ್ಯಾಳಿ ಮಾಡಿ ಕಳಸ್ಲೇನು?”

ಸ್ಟಿಕ್ಕುಗಳು ಆಟಕ್ಕೆ ಮುಂಚೆಯೇ ವಾಪಸು ಬಂದವು. ಆಡಿದೆವು, ಭಾಲ್ಕಿಯವರ ಎದುರು ಸೋತೆವು. ಸೋಲನ್ನು ಲಾತೂರಿನ ತಲೆಗೆ ಕಟ್ಟುವ ಅವಕಾಶವೂ ಕೈತಪ್ಪಿತು.

ತಯಾರು ಮಾಲು

ಭಾಲ್ಕಿ ತಂಡದ ಅಧ್ಯಕ್ಷರು ಬಟ್ಟೆ ವ್ಯಾಪಾರಿ. ಅಷ್ಟೇ ಆಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಅವರು ನನ್ನ ಬೀಗರು. ಅವರ ಮಗಳೇ ನನ್ನ ಸೊಸೆ. ಬೀಗರ ಎದುರು ಸೋತರೆ ಬರೀ ಸೋಲಲ್ಲ, ಅವರು ಕೊಟ್ಟ ಪೇಡೆಯನ್ನೂ ತಿನ್ನಬೇಕು. ಅವರ ಪದ್ಧತಿ ಸರಳ. ಟೂರ್ನಮೆಂಟು ಬಂತೆಂದರೆ ಹೈದರಾಬಾದಿನಿಂದ ತಯಾರಾದ ಆಟಗಾರರನ್ನು ಕರೆಸುವುದು, ಗೆಲ್ಲುವುದು, ಪೇಡೆ ಹಂಚುವುದು.

ಮುಂದಿನ ಸಲ ನಾವೂ ಹಾಗೇ ಮಾಡೋಣ ಅಂತ ಕಾರ್ಯದರ್ಶಿ ಹಟ ಹಿಡಿದ. ಒಬ್ಬನನ್ನು ಕರೆಸಿದೆವು. ಏನು ಆಟ ಅಂತೀರಿ! ಬೆಳಗಿನ ಪಂದ್ಯ ಅವನೊಬ್ಬನೇ ಗೆದ್ದುಕೊಟ್ಟ. ಖುಷಿಯಿಂದ ಊಟ ಹಾಕಿಸಿದೆ. ಮಧ್ಯಾಹ್ನ ಭಾಲ್ಕಿಯವರ ಜೊತೆ ಆಟ. ನೋಡುತ್ತೇನೆ, ಅದೇ ಪುಣ್ಯಾತ್ಮ ಭಾಲ್ಕಿಯ ಅಂಗಿ ಹಾಕಿಕೊಂಡು ಆ ಕಡೆ ನಿಂತಿದ್ದಾನೆ.

ಕರೆದು ಕೇಳಿದೆ. ಅವನು ಮುಖದ ಒಂದು ಗೆರೆಯೂ ಅಲುಗದಂತೆ ಹೇಳಿದ: “ಸುಬೂ ಕಾ ಮ್ಯಾಚ್ ಆಪ್ಕಾ ಥಾ ಸೇಠ್, ಅಬ್ ಕಾ ಉನ್ಕಾ.” ಬೆಳಗಿನದು ನಿಮ್ಮದು, ಈಗಿನದು ಅವರದು. ಮೋಸ ಅನ್ನುವ ಹಾಗೂ ಇರಲಿಲ್ಲ. ಬಾಡಿಗೆ ಲಾರಿಯವನೂ ಇದನ್ನೇ ಹೇಳುತ್ತಾನೆ. ನನ್ನ ಊಟ ಅರಗುವ ಮೊದಲೇ ನಮ್ಮ ಮೇಲೆ ಗೋಲು ಹೊಡೆದ. ಆಟ ಮುಗಿದ ಮೇಲೆ ಬಂದು, ಬಸ್ ಸ್ಟ್ಯಾಂಡಿಗೆ ಯಾರು ಬಿಡುತ್ತಾರೆ ಅಂತ ಕೇಳಿದ. ನಾನು ಬೀಗರ ಕಡೆ ನೋಡಿದೆ.

“ನಮ್ಮ ಗಾಡಿ ಖಾಲಿ ಅದರಿ ಬೀಗ್ರ,” ಅಂದರು ಅವರು, “ಆದ್ರ ತಂದವರು ನೀವು. ನೀವೇ ಬಿಟ್ರ ಚಂದ ಕಾಣ್ತದ.”

ನಾನೇ ಬಿಟ್ಟು ಬಂದೆ.

ಮಾಸ್ತರರ ಬೇವಿನ ಮರ

ಆ ವಾರದ ಸಭೆಯಲ್ಲಿ ನಾನು ಹೇಳಿದ್ದು ಇಷ್ಟು: ತಯಾರು ಮಾಲು ಇವತ್ತು ನಮ್ಮ ಅಂಗಡಿಯಲ್ಲಿ, ನಾಳೆ ಪಕ್ಕದ ಅಂಗಡಿಯಲ್ಲಿ. ಮಾಲು ನಮ್ಮದೇ ಬೆಳೆ ಆಗಬೇಕು. ಔರಾದ್, ಚಿಂತಾಕಿ, ಕಮಲನಗರ, ಮನ್ನಳ್ಳಿ, ಎಲ್ಲ ಕಡೆಯಿಂದ ಸಣ್ಣ ಹುಡುಗರನ್ನು ತಂದು ನಮ್ಮ ಅಂಗಡಿಯ ಮೇಲಿನ ಕೋಣೆಯಲ್ಲಿಟ್ಟು ಬೆಳೆಸೋಣ. ಕಾರ್ಯದರ್ಶಿ ಸುಲಭಕ್ಕೆ ಒಪ್ಪಲಿಲ್ಲ. ಕಡೆಗೆ ಕರಾರಾಯಿತು: ನಾಲ್ಕು ವರ್ಷ ಸಮಯ. ಅಷ್ಟರಲ್ಲಿ ಭಾಲ್ಕಿಯನ್ನು ಸೋಲಿಸದಿದ್ದರೆ ಹುಡುಗರು ಅವರವರ ಊರಿಗೆ, ಕಲಿಸುವ ಮಾಸ್ತರು ಮನೆಗೆ, ತಂಡಕ್ಕೆ ಮತ್ತೆ ತಯಾರು ಮಾಲು.

ಕಲಿಸುವ ಮಾಸ್ತರು ಅಂದರೆ ರಿಟೈರಾದ ಪಿ.ಟಿ. ಮಾಸ್ತರು. ದಿನಾ ಸಂಜೆ ನನ್ನ ಗಾದಿಯ ಮೇಲೆ ಕೂತು ಚಹಾ ಕುಡಿಯುವವರು. ನಮ್ಮಲ್ಲಿ ರೈತ ಸೋಯಾ ತಂದಾಗ ಒಂದು ಕಾಳು ಹಲ್ಲಿಗೆ ಹಾಕಿ ಕಡಿಯುತ್ತೇವೆ. ಟಕ್ಕನೆ ಒಡೆಯದಿದ್ದರೆ “ಹಸಿ ಅದ” ಅಂತೇವೆ. ಅದು ಬಯ್ಗುಳವಲ್ಲ. ಬಿಸಿಲಿಗೆ ಹಾಕು, ಸ್ವಲ್ಪ ದಿನ ಕಾಯು, ಆಮೇಲೆ ತಾ ಅಂತ ಅರ್ಥ. ಮಾಸ್ತರು ಆ ಮಾತು ನನ್ನಿಂದಲೇ ಕಲಿತು ನನಗೇ ತಿರುಗಿಸಿ ಹೊಡೆಯತೊಡಗಿದರು. ಈ ಹುಡುಗ ಹೇಗೆ ಮಾಸ್ತರ? “ಇನ್ನಾ ಹಸಿ ಅದ.” ಆ ಹುಡುಗ? “ಅದೂ ಹಸಿ.”

ಮೊದಲ ಆಯ್ಕೆಗೆ ಎಲ್ಲ ಹುಡುಗರಿಗೂ ನಸುಕಿನಲ್ಲಿ ಮೈದಾನಕ್ಕೆ ಬರಲು ಹೇಳಿದ್ದರು. ಹುಡುಗರು ಬಂದರು, ನಾನೂ ಬಂದೆ, ಮಾಸ್ತರು ಮಾತ್ರ ಬರಲಿಲ್ಲ. ಹೊತ್ತು ಏರಿತು. ಕೆಲವರು ಜಗಳ ತೆಗೆದರು, ಕೆಲವರು ಬಸ್ಸು ಹತ್ತಿ ಹೋದರು. ನಾನೂ ಬೈದುಕೊಂಡು ಅಂಗಡಿಗೆ ಹೋದೆ. ಮಧ್ಯಾಹ್ನ ಮಾಸ್ತರು ಬಂದು ಗಾದಿಯ ಮೇಲೆ ಕೂತರು. ಮುಂಜಾನೆಯಿಂದ ಮೈದಾನದ ಬೇವಿನ ಮರದ ಹಿಂದೆ ನಿಂತು ಎಲ್ಲರನ್ನೂ ನೋಡುತ್ತಿದ್ದರಂತೆ.

“ಕಾಯ್ಲಾಕ ಬರೂದಿಲ್ಲಂದ್ರ ಬಾಕಿ ಏನ್ ಕಲಸಿದ್ರೂ ಉಪಯೋಗ ಇಲ್ರಿ,” ಅಂದರು. “ಕಡೀತನಕ ನಿಂತು, ತಮ್ಮತಮ್ಮಾಗೇ ಆಡಿಕೊಂಡವರನ್ನ ತಗೊಂಡೀನಿ.”

“ಚೊಲೋ ಆತಲ್ಲ ಮತ್ತ?”

“ಆತ್ರಿ. ಆದ್ರ ಸಾವ್ಕಾರ್ರ, ನೀವು ಸೆಲೆಕ್ಷನ್‌ದಾಗ ಫೇಲ್ ಆದ್ರಿ.”

ಟವೆಲ್ಲಿನ ಕೆಳಗೆ

ಎರಡನೆಯ ಆಯ್ಕೆ ನಮ್ಮ ಅಂಗಡಿಯಲ್ಲೇ ಆಯಿತು. ಸಮಿತಿಯಲ್ಲಿ ಎಲ್ಲರಿಗೂ ಒಬ್ಬೊಬ್ಬ ಅಣ್ಣನ ಮಗನೋ ಅಕ್ಕನ ಮಗನೋ ಇದ್ದೇ ಇರುತ್ತಾನೆ. ಎದುರೆದುರು ಬೇಡ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಅದಕ್ಕೆ ನಾನೊಂದು ಉಪಾಯ ಹೇಳಿದೆ. ಈಗ ಗಂಜಿನಲ್ಲಿ ದರ ಮೊಬೈಲಿಗೆ ಬರುತ್ತದೆ. ಮೊದಲು ಹಾಗಲ್ಲ, ಕೈ ಮೇಲೆ ಟವೆಲ್ಲು ಹಾಕಿ ಒಳಗೆ ಬೆರಳು ಹಿಡಿದು ದರ ಹೇಳುತ್ತಿದ್ದೆವು. ದನದ ಸಂತೆಯಲ್ಲಿ ಈಗಲೂ ಹಾಗೇ. ಅದನ್ನೇ ಇಲ್ಲಿ ಮಾಡೋಣ ಅಂದೆ. ಮಾಸ್ತರು ಒಬ್ಬ ಹುಡುಗನ ಹೆಸರು ಹೇಳುವುದು, ಸಮಿತಿಯವರು ಒಬ್ಬೊಬ್ಬರಾಗಿ ಟವೆಲ್ಲಿನ ಕೆಳಗೆ ಅವರ ಕೈ ಹಿಡಿಯುವುದು. ಇಡೀ ಮುಷ್ಟಿ ಹಿಡಿದರೆ ಇರಲಿ, ಒಂದೇ ಬೆರಳು ಹಿಡಿದರೆ ಬೇಡ. ಯಾರು ಏನು ಹಿಡಿದರು ಅಂತ ಮಾಸ್ತರರಿಗೆ ಬಿಟ್ಟು ಯಾರಿಗೂ ತಿಳಿಯುವುದಿಲ್ಲ. ಉಪಾಯ ಎಷ್ಟು ಚೆನ್ನಾಗಿ ನಡೆಯಿತೆಂದರೆ, ಕಾರ್ಯದರ್ಶಿಯ ಅಣ್ಣನ ಮಗನಿಗೆ ಒಂದು ಮುಷ್ಟಿಯೂ ಬೀಳಲಿಲ್ಲ. ಸ್ವಂತ ಕಾಕಾನದೂ ಬೀಳಲಿಲ್ಲ.

ಅಷ್ಟರಲ್ಲಿ ಚಿಂತಾಕಿಯ ಹುಡುಗನೊಬ್ಬನ ಹೆಸರು ಬಂತು. ಅವನ ತಂದೆ ಕುರಿ ಸಾಕಿದವನು, ಅಂಗಡಿಯ ಕಟ್ಟೆಯ ಮೇಲೆ ಕಂಬಳಿ ಹಾಕಿಕೊಂಡು ಕೂತಿದ್ದ. ಮಗನ ಹೆಸರು, ಟವೆಲ್ಲು, ಒಳಗೆ ಕೈ, ಇಷ್ಟು ನೋಡಿದ್ದೇ ಎದ್ದು ಒಳಗೆ ಬಂದ.

“ಸಾವ್ಕಾರ್ರ, ಇದೇನ್ರಿ? ನನ್ನ ಎದುರಿಗೇ ನನ್ನ ಮಗನ್ನ ವ್ಯಾಪಾರಕ್ಕ ಹಚ್ಚೀರಿ?”

ನಾನು ಕೂರಿಸಿ ಎಲ್ಲ ಬಿಡಿಸಿ ಹೇಳಿದೆ. ಮುಷ್ಟಿ ಅಂದರೆ ಏನು, ಬೆರಳು ಅಂದರೆ ಏನು. ಅವನು ಗಡ್ಡ ಕೆರೆದುಕೊಂಡ.

“ಹಂಗಾದ್ರ ನಂದೂ ಒಂದು ಕೈ ಇರ್ಲಿ. ಮಾಲಕನ್ನ ಹೊರಗ ನಿಲ್ಲಸೂದು ಯಾವ ಸಂತಿ ಪದ್ಧತಿರಿ?”

ಆಗಲಿ ಅಂದೆವು. ಅವನು ಟವೆಲ್ಲಿನೊಳಗೆ ಕೈ ಹಾಕಿ ಮಾಸ್ತರರ ಕೈ ಹಿಡಿದ. ಮಾಸ್ತರರ ಮುಖ ನೋಡಬೇಕಿತ್ತು.

“ಏನೋ, ಎಲ್ಲಾರೂ ಮುಷ್ಟಿ ಹಿಡಿದಾರ, ನೀನೇ ತಂದಿ ಆಗಿ ಒಂದು ಬೆರಳು ಹಿಡೀತಿ? ನಿನಗ ಮಗ ಆಡೂದು ಬ್ಯಾಡೇನು?”

“ಬೇಕ್ರಿ ಮಾಸ್ತರ್ರ,” ಅಂದ ಆತ ಮೆಲ್ಲಗೆ. “ಆದ್ರ ಮಾಲಕ ಮೊದಲೇ ಹೂಂ ಅಂದ್ರ ದರ ಬೀಳ್ತದರಿ.”

ಮನೆಗೆ ಬಂದ ಚೆಂಡು

ಕುರಿ ಕಾಯುವ ಮನೆಯ ಹುಡುಗ, ಕೋಲು ಹಿಡಿದೇ ಬೆಳೆದವನು, ಬಂದವನೇ ಗೋಲು ಹೊಡೆಯುತ್ತಾನೆ ಅಂತ ನಾವೆಲ್ಲ ಕಾದೆವು. ಮೊದಲ ಪಂದ್ಯ ಔರಾದಿನ ಹುಡುಗರ ಜೊತೆ. ಎದುರಿನವರ ಕಾಲ ನಡುವಿನಿಂದ ಚೆಂಡನ್ನು ಇವನು ಎಷ್ಟು ನಾಜೂಕಾಗಿ ಬಿಡಿಸಿಕೊಂಡ ಅಂದರೆ ನಾನು ಕುರ್ಚಿ ಬಿಟ್ಟು ಎದ್ದೆ. ಬಿಡಿಸಿಕೊಂಡವನು ತಿರುಗಿ, ಒಬ್ಬರ ಸ್ಟಿಕ್ಕಿಗೂ ಸಿಗದಂತೆ ಚೆಂಡನ್ನು ನೂಕುತ್ತಾ ನೂಕುತ್ತಾ ನಮ್ಮದೇ ಗೋಲಿನೊಳಗೆ ತಂದು ಬಿಟ್ಟ. ಕುರಿಯನ್ನು ದೊಡ್ಡಿಗೆ ಸೇರಿಸಿ ಬೇಲಿ ಎಳೆದವನ ಸಮಾಧಾನ ಅವನ ಮುಖದಲ್ಲಿ.

“ಯಾಕೋ ಇಲ್ಲಿ ತಂದಿ?” ಅಂತ ನಮ್ಮ ಗೋಲ್‌ಕೀಪರ್ ಕೂಗಿದ.

“ಅವರ ಹೊಲದಾಗ ಹೊಕ್ಕಿತ್ತು. ಹೊಡಕೊಂಡು ಬಂದೀನಿ.”

ಅವನನ್ನು ಊರಿಗೆ ಕಳಿಸಿ ಅಂತ ಕಾರ್ಯದರ್ಶಿ ಹಿಡಿದುಕೊಂಡ. ನಾನೂ ಮಾಸ್ತರರಿಗೆ ಹೇಳಿದೆ, ಇದು ಹಸಿ ಅಲ್ಲ, ಉಲ್ಟಾ ಅಂತ. ಮಾಸ್ತರು ಚಹಾ ಆರಿಸಿಕೊಳ್ಳುತ್ತಾ ಅಂದರು: “ಬಾಕಿ ಹುಡುಗರಿಗಿ ಚೆಂಡು ಕಸಗೊಳ್ಳೂದು ಕಲಸಬೇಕು. ಅದು ತುಟ್ಟಿ. ಇವಂಗ ಬರೇ ದಿಕ್ಕು ಕಲಸಬೇಕು. ದಿಕ್ಕು ಅಗ್ಗ ಅದರಿ.”

ವ್ಯಾಪಾರದ ಮಾತು. ನಾನು ಒಪ್ಪಿಕೊಂಡೆ. ಹುಡುಗನನ್ನು ಒಂದು ಇಡೀ ಹಂಗಾಮು ಪಂದ್ಯಕ್ಕೆ ಇಳಿಸದೆ ಕೂರಿಸಿ, ದಿನಾ ಬೆಳಿಗ್ಗೆ ಅಭ್ಯಾಸ ಮಾಡಿಸಿದರು. ಮುಂದಿನ ಹಂಗಾಮಿನಲ್ಲೂ ಹೆಚ್ಚಾಗಿ ಕೂರಿಸಿದರು. ಅವನ ತಂದೆ ಚಿಂತಾಕಿಯಿಂದ ಔರಾದಿಗೆ, ಔರಾದಿನಿಂದ ಬೀದರಿಗೆ ಬಸ್ಸು ಹತ್ತಿ ಬಂದು, ನಮ್ಮವ ಯಾವಾಗ ಆಡುತ್ತಾನೆ ಅಂತ ಕೇಳುವುದು. ಮಾಸ್ತರು ಹಸಿ ಅನ್ನುವುದು. ಆತ ಮತ್ತೆ ಬಸ್ಸು ಹತ್ತುವುದು. ಒಂದು ದಿನ ಆತನಿಗೂ ತಡೆಯಲಾಗಲಿಲ್ಲ.

“ಮಾಸ್ತರ್ರ, ಇವನ್ನ ನಿಮ್ಮ ಹಂತ್ಯಾಕ ಬಿಟ್ಟಾಗ ಹುಟ್ಟಿದ ಕುರಿಮರಿ ಈಗ ಎರಡು ಸಲ ಈದಾದರಿ. ಇಂವ ಇನ್ನಾ ಹಸೀನೇ?”

ಮೂರು ಭಾಷೆ

ನಮ್ಮ ಹುಡುಗರು ಮೈದಾನದಲ್ಲಿ ಒಬ್ಬರಿಗೊಬ್ಬರು ಕೂಗಿ ಹೇಳುವುದನ್ನು ಎದುರಿನವರು ಕೇಳಿಸಿಕೊಂಡು ಮೊದಲೇ ಅಡ್ಡ ಬರುತ್ತಿದ್ದರು. ಕನ್ನಡ ಬೇಡ, ಉರ್ದುವಿನಲ್ಲಿ ಕೂಗಿ ಅಂದೆ. ಭಾಲ್ಕಿ ತಂಡದ ಹೈದರಾಬಾದಿನ ಆಟಗಾರರಿಗೆ ಅದು ತಾಯಿ ಮಾತು. ಕಮಲನಗರದ ಹುಡುಗರು ಮರಾಠಿ ಹೇಳಿಕೊಟ್ಟರು. ಭಾಲ್ಕಿಯಲ್ಲಿ ಮರಾಠಿ ಬಾರದ ಮನೆ ಯಾವುದು? ಬೀಗರು ಗೆರೆಯ ಆಚೆ ನಿಂತು ಅನುವಾದ ಮಾಡಿ ಕೊಡುತ್ತಿದ್ದರು. ಕಡೆಗೆ ಮಾಸ್ತರು ಬಾಯಿ ಮುಚ್ಚಿಕೊಂಡು ಆಡಿ ಅಂತ ಅಪ್ಪಣೆ ಮಾಡಿದರು. ಆ ವರ್ಷ ಭಾಲ್ಕಿಯ ಜೊತೆ ಸಮ ಮಾಡಿದೆವು.

ಈ ಉಪಾಯ ಮನೆಯಲ್ಲಿ ನಡೆಯುವ ಸಮಿತಿ ಸಭೆಗೂ ಹಚ್ಚಬಾರದೇ ಅಂತ ನನ್ನ ಹೆಂಡತಿ ಕೇಳಿದಳು.

ಸೊಸೆಯ ತವರು

ಕರಾರಿನ ಕಡೆಯ ವರ್ಷಕ್ಕೆ ಮುಂದೆ ನಿಂತು ಗೋಲು ಹೊಡೆಯುವ ಆಟಗಾರನೊಬ್ಬ ಕಡಿಮೆ ಬಿದ್ದ. ಮಾಸ್ತರು ನಮ್ಮ ಮನೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಚಹಾ ತಂದ ಸೊಸೆ ಹೇಳಿದಳು: “ಮಾವಾರ, ಭಾಲ್ಕಿದಾಗ ನಮ್ಮ ಓಣಿಯೊಳಗ ಒಬ್ಬ ಹುಡುಗ ಹಾನ. ನಮ್ಮಪ್ಪ ಸಣ್ಣವ ಅಂತ ತಿರುಗಿ ಕಳಿಸ್ಯಾರ. ಗ್ವಾಡಿಗಿ ಚೆಂಡು ಹೊಡದು ಹೊಡದು ಓಣಿ ಮಂದಿ ನಿದ್ದಿ ಕೆಡಸ್ಯಾನ.”

ಮಾಸ್ತರು ಹೋಗಿ, ಆ ಹುಡುಗನನ್ನು ಬಿಟ್ಟು ಗೋಡೆಯನ್ನು ನೋಡಿ ಬಂದರು. ಗೋಡೆಯ ಗಿಲಾವೆಲ್ಲ ಒಂದೇ ಜಾಗದಲ್ಲಿ ಕಿತ್ತಿದೆ, ಬಾಕಿ ಗೋಡೆ ಹೊಸದಾಗಿದೆ ಅಂದರು. ಹುಡುಗ ನಮ್ಮಲ್ಲಿಗೆ ಬಂದ.

ನನ್ನ ಹೆಂಡತಿಗೆ ಮಾತ್ರ ಅನುಮಾನ. “ತವರಿನ ಹುಡುಗನ್ನ ಇಲ್ಲಿ ತಂದು ಹಾಕೀಯಲ್ಲ, ನೀ ಯಾರ ಕಡಿವಾ?” ಅಂತ ಸೊಸೆಯನ್ನು ಕೇಳಿಯೇ ಬಿಟ್ಟಳು.

“ಗೆದ್ದವರ ಕಡೀ ರೀ ಅತ್ತಿ,” ಅಂದಳು ಆಕೆ. “ಅದಕ್ಕೇ ಮೊದಲೇ ಬಂದೋಬಸ್ತ್ ಮಾಡ್ಲಾಕತ್ತೀನಿ.”

ಭಾಲ್ಕಿಯ ಮೈದಾನ

ಫೈನಲ್ಲು ಭಾಲ್ಕಿಯಲ್ಲೇ. ಹಿಂದಿನ ದಿನ ಕಾರ್ಯದರ್ಶಿ ಮಾಸ್ತರರ ಎದುರಿಗೇ ಹೈದರಾಬಾದಿನ ಏಜೆಂಟನ ನಂಬರು ಕೇಳಿದ್ದ. ಆ ರಾತ್ರಿ ಮಾಸ್ತರು ಊಟ ಮಾಡಲಿಲ್ಲ ಅಂತ ಆಮೇಲೆ ತಿಳಿಯಿತು. ಹುಡುಗರಿಗೂ ಕರಾರು ಗೊತ್ತಿತ್ತು. ಸೋತರೆ ಅಂಗಡಿಯ ಮೇಲಿನ ಕೋಣೆ ಖಾಲಿ ಮಾಡಬೇಕು ಅಂತ ಒಂದಿಬ್ಬರು ಆಗಲೇ ಬಟ್ಟೆ ಮಡಿಚಿಟ್ಟಿದ್ದರು.

ಮೈಕಿನಲ್ಲಿ ಆಟಗಾರರ ಹೆಸರು, ಊರು ಓದಿದರು. ನಮ್ಮ ಕಡೆ ಔರಾದ್, ಚಿಂತಾಕಿ, ಕಮಲನಗರ, ಮನ್ನಳ್ಳಿ, ಬೀದರ್, ಭಾಲ್ಕಿ. ಆ ಕಡೆ ಹೈದರಾಬಾದಿನ ಮೊಹಲ್ಲಾಗಳು ಒಂದಾದ ಮೇಲೊಂದು. ಭಾಲ್ಕಿ ತಂಡದಲ್ಲಿ ಭಾಲ್ಕಿಯವರು ಅಂದರೆ ನಮ್ಮ ಬೀಗರೊಬ್ಬರೇ.

ಮೊದಲ ಅರ್ಧ ಯಾರಿಗೂ ಒಂದು ಗೋಲೂ ಇಲ್ಲದೆ ಕಳೆಯಿತು. ಎರಡನೆಯ ಅರ್ಧದಲ್ಲಿ ಆ ಓಣಿಯ ಹುಡುಗ ಗೋಡೆಗೆ ಹೊಡೆದ ಹಾಗೆಯೇ ಒಂದು ಹೊಡೆದ. ಗೋಲು. ಭಾಲ್ಕಿಯ ಜನವೇ ಎದ್ದು ನಿಂತು ಸಿಳ್ಳೆ ಹಾಕಿತು. ಬೀಗರು ನನ್ನ ಕಡೆ ತಿರುಗಿ, “ಅಂವ ನಮ್ಮೂರಾಂವ ಹಾನ್ರಿ,” ಅಂದರು.

“ಸೊಸೀನೂ ನಿಮ್ಮೂರಾಕೀ ರೀ,” ಅಂದೆ. “ಕೊಟ್ಟಮ್ಯಾಲ ನಮ್ಮಾಕಿ.”

ಇನ್ನು ಸ್ವಲ್ಪ ಹೊತ್ತು ತಡೆದರೆ ಸಾಕು. ಹೈದರಾಬಾದಿನವರು ಒಂದೇ ಸಮ ಮೇಲೆ ಬಿದ್ದರು. ಆಗ ಚಿಂತಾಕಿಯ ಹುಡುಗ ಚೆಂಡು ಬಿಡಿಸಿಕೊಂಡ. ಒಂದು ಗಳಿಗೆ ನಮ್ಮ ಗೋಲಿನ ಕಡೆಗೇ ಮುಖ ಮಾಡಿದ. ಕಾರ್ಯದರ್ಶಿ ಕಣ್ಣು ಮುಚ್ಚಿಕೊಂಡ. ನಾನು ಮಾಸ್ತರರ ತೋಳು ಹಿಡಿದೆ. ಹುಡುಗ ತಿರುಗಿದ. ಗೆರೆಯ ಗುಂಟ ಚೆಂಡನ್ನು ಮೆಲ್ಲಗೆ ನಡೆಸಿಕೊಂಡು ಹೊರಟ, ಬೇರೆಯವರ ಪೈರಿಗೆ ಬಾಯಿ ಹಾಕದ ಹಾಗೆ ಕುರಿಯನ್ನು ಬದುವಿನ ಮೇಲೆ ನಡೆಸುತ್ತಾರಲ್ಲ, ಹಾಗೆ. ಮೂವರು ಹಿಂದೆ ಬಿದ್ದರು. ಅವನು ಮೂಲೆಗೆ ಹೋಗಿ ತಿರುಗಿದ, ಅವರೂ ತಿರುಗಿದರು. ಮತ್ತೆ ಈ ಕಡೆ ಬಂದ, ಅವರೂ ಬಂದರು. ಗೆರೆಯ ಆಚೆ ಕಂಬಳಿ ಹೊದ್ದು ನಿಂತ ಅವನ ತಂದೆ ಬಾಯಿಗೆ ಕೈ ಹಚ್ಚಿ “ಹುರ್ರ್ ಹೋಯ್, ಹುರ್ರ್ ಹೋಯ್” ಅಂತ ಕೂಗತೊಡಗಿದ.

ಅಂಪೈರ್ ಸೀಟಿ ಊದಿ ಆಟ ನಿಲ್ಲಿಸಿದ. “ಏ ಯಜಮಾನ, ಹೊರಗ ನಿಂತು ಆಟಗಾರನಿಗಿ ಹೇಳಿಕೊಡಬಾರದು.”

“ನಾ ಮಗಗ ಏನೂ ಹೇಳಿಲ್ರಿ ಸಾಹೇಬ್ರ. ಕುರಿ ಹೊಡೀಲಾಕತ್ತೀನಿ.”

“ಎಲ್ಲಿ ಅದಾವ ಕುರಿ?”

ಆತ ಮಗನ ಹಿಂದೆ ನಿಂತು ಏದುಸಿರು ಬಿಡುತ್ತಿದ್ದ ಮೂವರ ಕಡೆ ಬೆರಳು ಮಾಡಿದ. “ಅವೇ ಮೂರು ನೋಡ್ರಿ. ಎಷ್ಟು ಚೊಲೋ ಹಿಂದ ಬರ್ಲಾಕತ್ತಾವ.”

ಅಂಪೈರ್ ಸೀಟಿ ಬಾಯಲ್ಲಿಟ್ಟುಕೊಂಡೇ ನಕ್ಕದ್ದರಿಂದ ಅದು ಇನ್ನೊಮ್ಮೆ ಊದಿತು. ಆಟ ಮತ್ತೆ ಶುರುವಾಗಿ, ಅದೇ ಗೆರೆಯ ಗುಂಟ, ಅದೇ ಮೂವರ ಮುಂದೆ ಮುಗಿಯಿತು. ನಾವು ಗೆದ್ದಿದ್ದೆವು.

ಹುಡುಗರು ಮಾಸ್ತರರನ್ನು ಎತ್ತಿಕೊಂಡರು. ಕಾರ್ಯದರ್ಶಿ ಸಿಕ್ಕಸಿಕ್ಕವರಿಗೆಲ್ಲ, “ನಾ ಮೊದಲಿಂದ ಹೇಳ್ಲಾಕತ್ತಿದ್ದೆ, ನಮ್ಮ ಹುಡುಗರನ್ನೇ ಬೆಳಸ್ಬೇಕಂತ,” ಅನ್ನುತ್ತಾ ತಿರುಗಿದ. ನನಗೆ ಮೈಮೇಲೆ ಒಂದು ಪಾವು ಮಾಂಸ ಏರಿದ ಹಾಗಾಗಿತ್ತು. ಸುಳ್ಳು ಯಾಕೆ ಹೇಳಲಿ, ಗಂಜಿನಲ್ಲಿ ಇಷ್ಟು ವರ್ಷ ಎಷ್ಟೋ ಮಾಲು ಮಾರಿದ್ದೇನೆ, ಯಾವುದನ್ನೂ ಹೀಗೆ ಎದೆ ಉಬ್ಬಿಸಿ ತೋರಿಸಿಲ್ಲ.

ಬೀಗರು ಪೇಡೆ ಹಿಡಿದುಕೊಂಡು ಬಂದರು. ತಿನ್ನಿಸಿದರು. ಆಮೇಲೆ ಹೆಗಲ ಟವೆಲ್ಲು ತೆಗೆದು ನನ್ನ ಕೈ ಮೇಲೆ ಹಾಕಿ, ಕಿವಿಯ ಹತ್ತಿರ ಬಾಯಿ ತಂದರು. “ಆ ಚಿಂತಾಕಿ ಹುಡುಗನ್ನ ಮುಂದಿನ ವರ್ಷಕ್ಕ ನಮಗ ಬಿಡ್ರಿ.” ದರ ಕೇಳುವುದರಲ್ಲಿ ನಷ್ಟವಿಲ್ಲ ಅಂತ ನಾನು ಕೈ ಹಿಂದೆ ತೆಗೆಯಲಿಲ್ಲ. ಒಂದು ಬೆರಳು ಹಿಡಿದರು. ಎರಡು ಹಿಡಿದರು. ಮೂರು ಹಿಡಿದರು. ಅಷ್ಟರಲ್ಲಿ ಟವೆಲ್ಲಿನೊಳಗೆ ಇನ್ನೊಂದು ಕೈ ಬಂತು. ಒರಟು ಕೈ, ಕುರಿ ಉಣ್ಣೆಯ ವಾಸನೆ. ಅದು ನಮ್ಮಿಬ್ಬರ ಕೈಯನ್ನೂ ಒಟ್ಟಿಗೆ ಗಟ್ಟಿಯಾಗಿ ಮುಚ್ಚಿ ಹಿಡಿಯಿತು.

“ಬ್ಯಾಡ್ರಿ ಸಾವ್ಕಾರ್ರ,” ಅಂದ ಹುಡುಗನ ತಂದೆ ಬೀಗರಿಗೆ. “ಮಾಲು ಇನ್ನಾ ಹಸಿ ಅದ.”

ಹುಡುಗರ ಹೆಗಲಿನಿಂದ ಆಗಷ್ಟೇ ಇಳಿದು ಪಕ್ಕಕ್ಕೆ ಬಂದು ನಿಂತಿದ್ದ ಮಾಸ್ತರರಿಗೆ ಕಣ್ಣು ತುಂಬಿ ಬಂದಿತ್ತು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವರ ಬಾಯಿಂದ ಆ ಮಾತು ಹೊರಟಿತು: “ಇಲ್ಲೋ ಮಾರಾಯ. ಈಗ ಒಣಗೇದ. ಟಕ್ಕಂತ ಒಡೀತದ.”

ಆತ ಗಾಬರಿಯಾಗಿ ಮಾಸ್ತರರ ಕಡೆ ಕಣ್ಣು ಬಿಟ್ಟ. “ಸುಮ್ಮಕಿರ್ರಿ ಮಾಸ್ತರ್ರ, ದರ ಬೀಳ್ತದ.”

ಬೀಗರಿಗೆ ಆಸೆ ಚಿಗುರಿತು. “ಅಂದ್ರ ಕೊಡ್ತಿ?”

“ಕೊಡೂದಿಲ್ರಿ,” ಅಂದ ಆತ, ಟವೆಲ್ಲು ಮಡಿಚಿ ಬೀಗರ ಹೆಗಲಿಗೇ ಹಾಕುತ್ತಾ. “ಆದ್ರೂ ದರ ಯಾಕ ಬೀಳಸಬೇಕು?”